ಸಭೆಗೆ ಕಟ್ಟಿದ್ದು, ಸಂಗೀತಕ್ಕೆ ಒದಗಿದ್ದು

ನಿಮಗಿದು ಗೊತ್ತೇ?

ಹೈದರಾಬಾದಿಗೂ ಒಂದು ಟೌನ್‌ಹಾಲ್ ಇತ್ತು. ಅಲ್ಲಿನ ಕುಷಾಯಿಗೂಡ ಬಡಾವಣೆಯಿಂದ ಬಸ್ಸು ಹತ್ತಿ ನಾಂಪಲ್ಲಿ ಕಡೆಗೆ ಹೋದವರೆಲ್ಲ ಅದನ್ನು ನೋಡಿಯೇ ಇರುತ್ತಾರೆ, ಆದರೆ ಬೇರೆ ಹೆಸರಿನಲ್ಲಿ. ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ನಲವತ್ತನೆಯ ಹುಟ್ಟುಹಬ್ಬದ ನೆನಪಿಗೆಂದು 1905ರಲ್ಲಿ ಪಬ್ಲಿಕ್ ಗಾರ್ಡನ್ಸ್ ಅಂಗಳದಲ್ಲಿ ಅದರ ಕೆಲಸ ಶುರುವಾಯಿತು. ಮುಗಿದದ್ದು 1913ರಲ್ಲಿ. ಅಷ್ಟರಲ್ಲಿ ನಿಜಾಮರು ತೀರಿಹೋಗಿದ್ದರು. ಆ ಬಿಳಿ ಗುಮ್ಮಟಗಳ ಕಟ್ಟಡವೇ ಮುಂದೆ ವಿಧಾನಸಭೆಯಾಯಿತು.

ಮೈಸೂರಿನಲ್ಲಿ ಇದೇ ಕತೆ ತಿರುವುಮುರುವು.

ಅಲ್ಲಿನ ಟೌನ್‌ಹಾಲಿನ ಪೂರ್ತಿ ಹೆಸರು ರಂಗಾಚಾರ್ಲು ಸ್ಮಾರಕ ಭವನ. 1881ರಲ್ಲಿ ರಾಜ್ಯ ಮತ್ತೆ ಒಡೆಯರ ಕೈಗೆ ಬಂದಾಗ ದಿವಾನರಾದವರು ಸಿ. ವಿ. ರಂಗಾಚಾರ್ಲು. ಅದೇ ವರ್ಷದ ಅಕ್ಟೋಬರಿನಲ್ಲಿ 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ಅವರು ಕೂಡಿಸಿದರು. ಸಂಸ್ಥಾನವೊಂದರಲ್ಲಿ ರೈತರೂ ವ್ಯಾಪಾರಿಗಳೂ ದಿವಾನರೆದುರು ಕುಳಿತು ಮಾತಾಡಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. 1883ರಲ್ಲಿ ಅವರು ತೀರಿಕೊಂಡರು; ಮರುವರ್ಷವೇ ಚಾಮರಾಜ ಒಡೆಯರು ಈ ಭವನಕ್ಕೆ ಅಡಿಗಲ್ಲು ಹಾಕಿದರು. ಮುಂದೆ ಪ್ರಜಾಪ್ರತಿನಿಧಿ ಸಭೆಯ ದಸರಾ ಅಧಿವೇಶನಗಳೂ ಇಲ್ಲೇ ನಡೆದವು, ದಿವಾನರ ಭಾಷಣಗಳೂ ಇಲ್ಲೇ ಮೊಳಗಿದವು. ಕೊನೆಗೆ ಭಾಷಣ ಬೇರೆಡೆಗೆ ಹೋಯಿತು, ನಾಟಕ ಮತ್ತು ಸಂಗೀತ ಉಳಿದವು. ಹೈದರಾಬಾದಿನಲ್ಲಿ ಊರ ಸಭಾಂಗಣ ಶಾಸಕರ ಪಾಲಾದರೆ, ಮೈಸೂರಿನಲ್ಲಿ ಪ್ರತಿನಿಧಿಗಳ ಸಭಾಂಗಣ ಕಲಾವಿದರ ಪಾಲಾಯಿತು.

ಆ ಭವನದ ಬಳಿಯಲ್ಲೇ ದೊಡ್ಡ ಗಡಿಯಾರವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಎದ್ದ ಗೋಪುರ ಅದು. ಗಂಟೆಯ ಸದ್ದಿನಿಂದ ಟೌನ್‌ಹಾಲಿನ ಕಾರ್ಯಕ್ರಮಗಳಿಗೆ ತೊಂದರೆಯಾಗುತ್ತದೆಂದು ಅದನ್ನು ಸುಮ್ಮನಾಗಿಸಿದರು ಎಂಬ ಮಾತು ಮೈಸೂರಿನಲ್ಲಿದೆ.

ಜಗನ್ಮೋಹನ ಅರಮನೆ ಚಿತ್ರಶಾಲೆಯೆಂದೇ ಹೆಸರಾಗಿದೆ. ಆದರೆ ಅದರ ಸಭಾಂಗಣದ್ದು ಬೇರೆಯೇ ಚರಿತ್ರೆ. 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದಾಗ ರಾಜಮನೆತನಕ್ಕೆ ಆಸರೆಯಾದದ್ದು ಈ ಅರಮನೆ. 1902ರ ಆಗಸ್ಟ್ 8ರಂದು ವೈಸ್‌ರಾಯ್ ಲಾರ್ಡ್ ಕರ್ಜನ್ ಎದುರಿನಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟದ್ದು ಇಲ್ಲಿಯ ಸಭಾಂಗಣದಲ್ಲೇ. ಮೈಸೂರು ವಿಶ್ವವಿದ್ಯಾನಿಲಯದ ಮೊದಮೊದಲ ಘಟಿಕೋತ್ಸವಗಳಿಗೂ ಇದೇ ಜಾಗ. ಅಧಿಕಾರ, ಪದವಿ, ಆಮೇಲೆ ದಸರಾ ಕಚೇರಿ: ಒಂದೇ ವೇದಿಕೆ ಮೂರನ್ನೂ ಕಂಡಿದೆ.

ಸಭಾಂಗಣ ದೊಡ್ಡದಾದದ್ದರಿಂದ ಪಿಟೀಲೇ ಬದಲಾದದ್ದು ಗೊತ್ತೇ? ತಿರುಮಕೂಡಲಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸುತ್ತಿದ್ದರೆಂದು ಬಹಳ ಮಂದಿಗೆ ಗೊತ್ತು. ಯಾಕೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮೈಕು ಇಲ್ಲದ ಕಾಲ. ಕೇಳುವ ಜನ ಹೆಚ್ಚುತ್ತಿದ್ದರು, ಚಪ್ಪರ ಮತ್ತು ಸಭಾಂಗಣಗಳು ಹಿಗ್ಗುತ್ತಿದ್ದವು. ಗಾಯಕರ ಗಂಟಲು ಹೇಗೋ ಹಿಂದಿನ ಸಾಲಿನವರೆಗೆ ಹೋಗುತ್ತಿತ್ತು; ಪಕ್ಕದ ಪಿಟೀಲಿನ ನಾದ ಮುಂದಿನ ಕೆಲವು ಸಾಲುಗಳಲ್ಲೇ ನಿಂತುಬಿಡುತ್ತಿತ್ತು. ಅದಕ್ಕೆ ಚೌಡಯ್ಯನವರು ನಾಲ್ಕು ತಂತಿಗಳ ಜೊತೆಗೆ ಮತ್ತೆ ಮೂರನ್ನು ಸೇರಿಸಿದರು. ನಾದ ಗಾತ್ರದಲ್ಲೂ ತೂಕದಲ್ಲೂ ಬೆಳೆಯಿತು. ಏಳು ತಂತಿಗಳ ಮೇಲೆ ಶ್ರುತಿ ಕೆಡದಂತೆ ಬೆರಳಿಡುವುದು ಎಂಥ ಸಾಧನೆಯೆಂದು ಪಿಟೀಲು ಕಲಿತವರನ್ನೇ ಕೇಳಬೇಕು. ನನ್ನ ಮಟ್ಟಿಗೆ ಇದು ಕನ್ನಡ ನಾಡಿನ ಸಂಗೀತದ ಚರಿತ್ರೆಯಲ್ಲಿ ಅತಿ ಧೈರ್ಯದ ಕೆಲಸಗಳಲ್ಲೊಂದು: ಕೊನೆಯ ಸಾಲಿನ ಕೇಳುಗನಿಗಾಗಿ ವಾದ್ಯವನ್ನೇ ತಿದ್ದಿದ್ದು.

ಅವರ ಗುರು ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ರಾಮಮಂದಿರವನ್ನೇ ಕಟ್ಟಿಸಿದರು. ಅಲ್ಲೂ ಕಚೇರಿಗಳು ನಡೆದವು.

ಚೌಡಯ್ಯನವರು 1967ರಲ್ಲಿ ತೀರಿಕೊಂಡರು. ಸಂಗೀತಪ್ರೇಮಿ ಕೆ. ಕೆ. ಮೂರ್ತಿಯವರ ಪಟ್ಟಿನಿಂದ ಬೆಂಗಳೂರಿನಲ್ಲಿ 1980ರಲ್ಲಿ ಚೌಡಯ್ಯನವರ ಹೆಸರಿನ ಸ್ಮಾರಕ ಭವನ ಸಿದ್ಧವಾಯಿತು. ಇಡೀ ಕಟ್ಟಡ ಪಿಟೀಲಿನ ಆಕಾರ. ತಂತಿ, ಕುದುರೆ, ಬಿರಡೆ, ಕಮಾನು ಎಲ್ಲವೂ ಉಂಟು. ಸಭಾಂಗಣಕ್ಕಾಗಿ ಪಿಟೀಲನ್ನು ತಿದ್ದಿದವರಿಗೆ ಪಿಟೀಲಿನಂಥ ಸಭಾಂಗಣವೇ ಸ್ಮಾರಕವಾಯಿತು.

ಖಾಲಿ ಸಭಾಂಗಣದಲ್ಲಿ ಶ್ರುತಿ ಸರಿಮಾಡಿಕೊಂಡ ಕಲಾವಿದರಿಗೆ ಸಂಜೆ ಜನ ತುಂಬಿದ ಮೇಲೆ ಅದೇ ಧ್ವನಿ ಬೇರೆಯಾಗಿ ಕೇಳಿಸುವುದೇಕೆ? ಜನರೇ ಸದ್ದನ್ನು ಹೀರುತ್ತಾರೆ, ಉಟ್ಟ ಬಟ್ಟೆಯೂ ಹೀರುತ್ತದೆ. ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡಿನ ಯುವ ಅಧ್ಯಾಪಕ ವಾಲೆಸ್ ಸಬೈನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಕೊಠಡಿಯೊಂದು ಯಾವ ಪ್ರಯೋಜನಕ್ಕೂ ಬಾರದಂತಾಗಿತ್ತು. ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಗೋಡೆಗಳ ನಡುವೆ ಸುಳಿದಾಡುತ್ತಿತ್ತು. ಮೊದಲ ಪದ ಆರುವ ಮುನ್ನವೇ ಹತ್ತಾರು ಪದಗಳು ಅದರ ಮೇಲೆ ಬಂದು ಬೀಳುತ್ತಿದ್ದವು. ಸಬೈನ್ ರಾತ್ರಿ ಹೊತ್ತು ಪಕ್ಕದ ಸ್ಯಾಂಡರ್ಸ್ ರಂಗಮಂದಿರದ ಆಸನದ ದಿಂಬುಗಳನ್ನು ಹೊರಿಸಿ ತಂದು ಕೊಠಡಿಯಲ್ಲಿ ಹಾಸಿದರು. ಆರ್ಗನ್ನಿನ ಕೊಳವೆಯೊಂದನ್ನು ಊದಿಸಿ, ಸದ್ದು ಸಾಯುವವರೆಗೆ ಗಡಿಯಾರ ಹಿಡಿದು ಕುಳಿತರು. ದಿಂಬು ಹೆಚ್ಚಿದಷ್ಟೂ ಅನುರಣನ ಕುಗ್ಗಿತು. ಬೆಳಗಾಗುವಷ್ಟರಲ್ಲಿ ದಿಂಬುಗಳನ್ನು ಮತ್ತೆ ಅಲ್ಲಿಗೇ ಸಾಗಿಸಬೇಕಿತ್ತು. ಹೀಗೆ ಸಿಕ್ಕಿದ ಸೂತ್ರ ಸರಳ: ಕೋಣೆ ದೊಡ್ಡದಾದಷ್ಟೂ ಅನುರಣನ ಹೆಚ್ಚು, ಹೀರುವ ಮೈ ಹೆಚ್ಚಿದಷ್ಟೂ ಕಡಿಮೆ. 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ಈ ಲೆಕ್ಕದ ಮೇಲೆಯೇ ಎದ್ದದ್ದು.

ನಮ್ಮ ಹಳೆಯ ಟೌನ್‌ಹಾಲುಗಳಿಗೆ ಇಂಥ ಲೆಕ್ಕ ಹಾಕಿದವರಿರಲಿಲ್ಲ. ಎತ್ತರದ ಮಾಡು, ಗಟ್ಟಿ ಗಾರೆಯ ಗೋಡೆ ಭಾಷಣಕ್ಕೆ ಗಾಂಭೀರ್ಯ ಕೊಡುತ್ತವೆ. ಆದರೆ ಮೃದಂಗದ ತನಿ ಆವರ್ತನಕ್ಕೂ ಚುರುಕಿನ ಸ್ವರಪ್ರಸ್ತಾರಕ್ಕೂ ಸದ್ದು ಬೇಗ ಆರುವ ಕೋಣೆ ಬೇಕು. ಇಲ್ಲವಾದರೆ ಒಂದು ಸ್ವರ ಇನ್ನೊಂದರ ಮೇಲೆ ಹರಡಿಕೊಳ್ಳುತ್ತದೆ. ಹದಿನೇಳು ಮೀಟರ್ ಆಚೆಗಿನ ಗೋಡೆಗೆ ಹೋಗಿ ಬರಲು ಸದ್ದಿಗೆ ಸೆಕೆಂಡಿನ ಹತ್ತರಲ್ಲೊಂದು ಪಾಲು ಸಾಕು. ಸೂಕ್ಷ್ಮ ಕಿವಿಗೆ ಅಷ್ಟೇ ಸಾಕು, ಲಯ ಕದಡಲು.

ಬೆಂಗಳೂರಿನ ಪುಟ್ಟಣ್ಣಚೆಟ್ಟಿ ಪುರಭವನಕ್ಕೆ 1933ರ ಮಾರ್ಚ್ 6ರಂದು ನಾಲ್ವಡಿಯವರು ಅಡಿಗಲ್ಲಿಟ್ಟರು. 1935ರ ಸೆಪ್ಟೆಂಬರ್ 11ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಬಾಗಿಲು ತೆರೆದರು. ಹೈದರಾಬಾದಿನ ಟೌನ್‌ಹಾಲಿಗೆ ಎಂಟು ವರ್ಷ ಹಿಡಿದಿದ್ದರೆ, ಇದಕ್ಕೆ ಎರಡೂವರೆ ವರ್ಷ!

ಹೈದರಾಬಾದಿಗೂ ಬೆಂಗಳೂರಿಗೂ ಇನ್ನೊಂದು ಹೋಲಿಕೆ ಇದೆ, ನನಗೆ ಬಲು ಇಷ್ಟವಾದದ್ದು. 1961ರಲ್ಲಿ ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿ. ರಾಜ್ಯಗಳ ರಾಜಧಾನಿಗಳಲ್ಲಿ ಕವಿಯ ಹೆಸರಿನ ರಂಗಮಂದಿರಗಳು ಮೇಲೆದ್ದವು. ಹೈದರಾಬಾದಿನ ರವೀಂದ್ರ ಭಾರತಿ 1961ರಲ್ಲೇ ತೆರೆಯಿತು, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ 1963ರಲ್ಲಿ. ಕವಿಯ ಸ್ವಂತ ಊರಾದ ಕೊಲ್ಕತ್ತದ ರವೀಂದ್ರ ಸದನ ಪೂರ್ಣಗೊಂಡದ್ದು 1967ರಲ್ಲಿ. ರವೀಂದ್ರ ಭಾರತಿ ಇರುವುದು ವಿಧಾನಸಭೆಯಾದ ಆ ಹಳೆಯ ಟೌನ್‌ಹಾಲಿನ ಸಮೀಪ. ಕಲಾಕ್ಷೇತ್ರವೂ ಪುರಭವನದಿಂದ ನಡೆದು ಹೋಗುವಷ್ಟು ಹತ್ತಿರ. ಎರಡೂ ಊರುಗಳಲ್ಲಿ ರಾಜರ ಕಾಲದ ಸಭಾಂಗಣದ ನೆರೆಯಲ್ಲೇ ಕವಿಯ ರಂಗಮಂದಿರ.

ಕನ್ನಡಿಗರಿಗೆ ಹೈದರಾಬಾದಿನಲ್ಲಿ ಬೇರೆಯೇ ಒಂದು ಅಂಗಳವೂ ಇದೆ: ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ. ಬೀದರ, ಕಲಬುರಗಿ, ರಾಯಚೂರು 1956ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವೆಂಬುದನ್ನು ನೆನೆದರೆ, ಈ ಊರಿನಲ್ಲಿ ಕನ್ನಡ ನಂಟರ ಮನೆಗೆ ಬಂದ ಭಾಷೆಯಲ್ಲ, ಮನೆಯದೇ ಭಾಷೆ.

ಎರಡು ಒಪೇರಾ ಹೌಸುಗಳ ಹಣೆಬರಹ ನೋಡಿ. ಮುಂಬಯಿಯ ರಾಯಲ್ ಒಪೇರಾ ಹೌಸನ್ನು ಐದನೆಯ ಜಾರ್ಜ್ ದೊರೆ 1911ರಲ್ಲಿ ಉದ್ಘಾಟಿಸಿದ. ಮುಂದೆ ಸಿನಿಮಾ ಬಂತು, 1993ರಲ್ಲಿ ಬೀಗ ಬಿತ್ತು, 2016ರಲ್ಲಿ ದುರಸ್ತಿಯಾಗಿ ಮತ್ತೆ ಹಾಡು ಕೇಳಿಸಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯ ಒಪೇರಾ ಹೌಸ್ ಕೂಡ ನಾಟಕ, ಸಂಗೀತ, ಇಂಗ್ಲಿಷ್ ಸಿನಿಮಾ ಎಲ್ಲ ಕಂಡು ಬಹುಕಾಲ ಮುಚ್ಚಿತ್ತು. 2018ರಲ್ಲಿ ಅದು ಮೊಬೈಲ್ ಫೋನ್ ಕಂಪನಿಯ ಮಳಿಗೆಯಾಗಿ ತೆರೆಯಿತು. ಗೋಡೆ ಬಿದ್ದುಹೋಗದೆ ಉಳಿಯಿತಲ್ಲ ಎಂಬುದು ಸಮಾಧಾನ. ಆದರೂ ನನಗೆ ಮುಂಬಯಿಯದೇ ದಾರಿ ಸರಿ ಎನಿಸುತ್ತದೆ.

ಕೊನೆಯದು ಕುಷಾಯಿಗೂಡದ ನೆರೆಯದೇ. ಮೌಲಾಲಿ ಗುಡ್ಡದ ಬುಡದಲ್ಲಿ ಮಹ್ ಲಖಾ ಬಾಯಿಯ ಸಮಾಧಿ ಇದೆ. 1768ರಲ್ಲಿ ಹುಟ್ಟಿದ ಈಕೆ ನಿಜಾಮರ ಆಸ್ಥಾನದ ಗಾಯಕಿ, ನರ್ತಕಿ, ಉರ್ದು ಕವಯಿತ್ರಿ. 1792ರಲ್ಲಿ ತಾಯಿಗಾಗಿ ಇಲ್ಲಿ ಸಮಾಧಿ ಕಟ್ಟಿಸಿದಳು; ಅದೇ ಅಂಗಳದಲ್ಲಿ ಮುಶಾಯಿರಾ ಎಂಬ ಕವಿಗೋಷ್ಠಿಗಳನ್ನು ನಡೆಸಿದಳು; 1824ರಲ್ಲಿ ತಾಯಿಯ ಪಕ್ಕದಲ್ಲೇ ಮಣ್ಣಾದಳು. 1799ರಲ್ಲಿ ಜಾನ್ ಮಾಲ್ಕಮ್ ಎಂಬ ಬ್ರಿಟಿಷ್ ಅಧಿಕಾರಿಗೆ ಅವಳು ಕೊಟ್ಟ ಕವಿತೆಗಳ ಹಸ್ತಪ್ರತಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅವಳ ಅಂಗಳ ಮಾತ್ರ 2011ರ ಹೊತ್ತಿಗೆ ಜೀರ್ಣೋದ್ಧಾರಗೊಂಡು ಮೌಲಾಲಿಯಲ್ಲೇ ಇದೆ, ಕುಷಾಯಿಗೂಡದಿಂದ ಆಟೋದಲ್ಲಿ ಹೋಗಿಬರಬಹುದು.