ಊಟಿ ಲೇಕ್ ಅಲ್ಲ, ಊಟಿ ಕೆರೆ: ಅಲ್ಲಿನ ಬಸ್ ಸ್ಟ್ಯಾಂಡ್ ನಿಂತಿರೋದು ಎಲ್ಲಿ ಗೊತ್ತಾ?

ಗುಂಡ್ಲುಪೇಟೆ: ರಜೆ ಬಂತು ಅಂದ್ರೆ ಸಾಕು, ನಮ್ಮ ಪಟ್ಟಣದ ಮೂಲಕ ಊಟಿ ಕಡೆ ಹೋಗುವ ವಾಹನಗಳ ಸಾಲು ಮುಗಿಯೋದೇ ಇಲ್ಲ. ಬಂಡೀಪುರ ದಾಟಿ, ತೆಪ್ಪಕಾಡಿನಲ್ಲಿ ತಿರುಗಿ, ಕಲ್ಲಹಟ್ಟಿ ಘಾಟಿಯ 36 ತಿರುವು ಹತ್ತಿ ಹೋದವರು ಮೊದಲು ಹುಡುಕೋದು ಬೋಟ್ ಹೌಸನ್ನು. ದೋಣಿ ಹತ್ತಿ, ಫೋಟೊ ತೆಗೆಸಿಕೊಂಡು, ಮೆಕ್ಕೆಜೋಳ ತಿಂದು ವಾಪಸ್. ಆದರೆ ಆ ನೀರು ಅಲ್ಲಿಗೆ ಬಂದಿದ್ದು ಹೇಗೆ? ಈಗ ಎಷ್ಟು ಉಳಿದಿದೆ? ಇದನ್ನು ತಿಳಿದುಕೊಂಡರೆ ಊಟಿಯ ಕಥೆಯೂ ಅರ್ಥ ಆಗುತ್ತೆ, ನಮ್ಮ ಕೆರೆಗಳ ಕಥೆಯೂ ಅರ್ಥ ಆಗುತ್ತೆ.

ಹೆಸರು ಮೊದಲು, ನೀರು ಆಮೇಲೆ

ಉದಕ ಅಂದ್ರೆ ನೀರು, ಆದ್ದರಿಂದ ಉದಕಮಂಡಲ ಅಂದ್ರೆ ನೀರಿರುವ ಊರು. ಕನ್ನಡ ಬಲ್ಲ ಯಾರಿಗಾದರೂ ಹೀಗೇ ಅನಿಸುತ್ತೆ. ಆದರೆ ಲೆಕ್ಕ ಕೂಡೋದಿಲ್ಲ. 1821ರ ಮಾರ್ಚ್‌ನಲ್ಲೇ ಮದ್ರಾಸ್ ಗೆಜೆಟ್‌ಗೆ ಬರೆದ ಪತ್ರವೊಂದರಲ್ಲಿ 'ವೊಟೊಕಿಮಂಡ್' ಅನ್ನೋ ಹೆಸರು ಬಂದಿದೆ. ಕೆರೆ ಕಟ್ಟಲು ಶುರುವಾಗಿದ್ದು ಅದಾದ ಎರಡು ವರ್ಷಕ್ಕೆ, 1823ರಲ್ಲಿ. ಹೆಸರಿನ ಕೊನೆಯಲ್ಲಿರುವ 'ಮಂಡ್' ಅಥವಾ 'ಮಂದು' ಅಂದರೆ ತೋಡರ ಹಟ್ಟಿ. ಎಮ್ಮೆ ಸಾಕಿಕೊಂಡು, ಬೆಟ್ಟದ ಹುಲ್ಲುಗಾವಲಿನಲ್ಲಿ ಬದುಕುತ್ತಿದ್ದ ತೋಡರ ಜಾಗ ಅದು. ಸುತ್ತಲಿನ ಹಟ್ಟಿಗಳಲ್ಲಿ ಬಡಗರಿದ್ದರು. ಬಡಗು ಅಂದ್ರೆ ಉತ್ತರ. ಉತ್ತರದ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು ಅನ್ನೋ ಅರ್ಥ ಹೆಸರಲ್ಲೇ ಇದೆ. ಇವತ್ತಿಗೂ ಅವರ ಮಾತು ಕೇಳಿದರೆ ನಮಗೆ ಅರ್ಧ ಅರ್ಥವಾಗುತ್ತೆ.

ಕಟ್ಟಿಸಿದ್ದು ಕಲೆಕ್ಟರ್

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ನೀಲಗಿರಿ ಈಸ್ಟ್ ಇಂಡಿಯಾ ಕಂಪನಿ ಕೈಗೆ ಹೋಯ್ತು. ಕೊಯಮತ್ತೂರು ಕಲೆಕ್ಟರ್ ಆಗಿದ್ದ ಜಾನ್ ಸುಲ್ಲಿವಾನ್ 1819ರಲ್ಲಿ ಬೆಟ್ಟ ಹತ್ತಿದ. ಅಲ್ಲಿನ ಹವೆ ಅವನಿಗೆ ಹಿಡಿಸಿಬಿಟ್ಟಿತು. 1822ರಲ್ಲಿ ಊಟಿಯ ಮೊದಲ ಯುರೋಪಿಯನ್ ಮನೆ 'ಸ್ಟೋನ್ ಹೌಸ್' ಕೆಲಸ ಶುರು ಮಾಡಿದ. ಸ್ಥಳೀಯರ ಬಾಯಲ್ಲಿ ಅದು 'ಕಲ್ ಬಂಗಲಾ' ಆಯ್ತು.

1823ರಿಂದ 1825ರ ನಡುವೆ ಊಟಿ ಕಣಿವೆಗೆ ಇಳಿದು ಬರುತ್ತಿದ್ದ ತೊರೆಗಳಿಗೆ ಅಡ್ಡಲಾಗಿ ಒಡ್ಡು ಹಾಕಿಸಿ ನೀರು ನಿಲ್ಲಿಸಿದ. ಅಂದರೆ ಇದು ತಾನಾಗಿ ಆದ ಸರೋವರ ಅಲ್ಲ. ನಮ್ಮ ಊರಿನ ಕೆರೆಗೆ ಏರಿ ಹಾಕಿದ ಹಾಗೆ ಏರಿ ಹಾಕಿ ಕಟ್ಟಿದ ಕೆರೆ. ಮೊದಮೊದಲು ಮೀನು ಹಿಡಿಯೋಕೆ, ಒಂದು ದಡದಿಂದ ಇನ್ನೊಂದು ದಡಕ್ಕೆ ದೋಣಿಯಲ್ಲಿ ದಾಟೋಕೆ ಬಳಕೆ ಆಗ್ತಿತ್ತು. ನೀರು ಉಕ್ಕಿ ಏರಿ ಮೀರಿ ಕೆರೆ ಬರಿದಾಗಿದ್ದು ಮೂರು ಸಲ.

ಬೇರೆ ಕಡೆಯೂ ಇದೇ ಕಥೆ. ಕೊಡೈಕೆನಾಲ್‌ನ ನಕ್ಷತ್ರದ ಆಕಾರದ ಕೆರೆಯೂ ಕಟ್ಟಿದ್ದೇ. 1863ರಲ್ಲಿ ಅದನ್ನು ಮಾಡಿಸಿದ ವೆರೆ ಲೆವಿಂಜ್ ಕೂಡ ಮದುರೆಯಲ್ಲಿ ಕಲೆಕ್ಟರ್ ಆಗಿದ್ದವನೇ. ಬಿಸಿಲು ತಡೆಯಲಾಗದ ಅಧಿಕಾರಿಗಳು ಬೆಟ್ಟ ಹತ್ತಿದರು, ತಮ್ಮ ದೇಶದ ನೆನಪಿಗೆ ನೀರು ನಿಲ್ಲಿಸಿದರು, ನೀರಿನ ಸುತ್ತ ಬಂಗಲೆ ಕಟ್ಟಿದರು. ಊರು ಬೆಳೆಯಿತು.

ಶ್ರೀರಂಗಪಟ್ಟಣದ ಮರ, ಮೈಸೂರಿನ ಅರಮನೆ

ಈ ಬೆಳವಣಿಗೆಯಲ್ಲಿ ನಮ್ಮ ಕಡೆಯ ಪಾಲೂ ಇದೆ. ಊಟಿಯ ಹಳೆಯ ಸೇಂಟ್ ಸ್ಟೀಫನ್ಸ್ ಚರ್ಚ್ 1831ರಲ್ಲಿ ಪ್ರಾರ್ಥನೆಗೆ ತೆರೆಯಿತು. ಅದರ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದಲ್ಲಿದ್ದ ಟಿಪ್ಪುವಿನ ಲಾಲ್ ಮಹಲ್ ಅರಮನೆಯಿಂದ ಬಿಚ್ಚಿ ತಂದವು. 1873ರಲ್ಲಿ ಮೈಸೂರು ಅರಸರ ಮನೆತನ ಫರ್ನ್‌ಹಿಲ್ ಬಂಗಲೆ ಕೊಂಡಿತು. ಅಲ್ಲಿಂದಾಚೆ ಮಹಾರಾಜರ ಬೇಸಿಗೆ ಊಟಿಯಲ್ಲಿ ಕಳೆಯಿತು. ಮೇಟುಪಾಳಯಂನಿಂದ ಹೊರಟ ಪುಟ್ಟ ರೈಲು 1899ರಲ್ಲಿ ಕೂನೂರು ಮುಟ್ಟಿತು, 1908ರಲ್ಲಿ ಊಟಿ ಸೇರಿತು. ನಿಲ್ದಾಣ ಬಂದಿದ್ದು ಕೆರೆಯ ಪಕ್ಕದಲ್ಲೇ. 2005ರಲ್ಲಿ ಈ ರೈಲು ಯುನೆಸ್ಕೊ ಪಟ್ಟಿಗೂ ಸೇರಿತು.

ಕೆರೆ ಕರಗಿದ್ದು ಹೀಗೆ

ಊರು ದೊಡ್ಡದಾದಷ್ಟೂ ಕೆರೆ ಸಣ್ಣದಾಯ್ತು. ವಿಲ್ಲೊ ಬಂಡ್ ಅನ್ನೋ ಅಡ್ಡ ಏರಿಯಿಂದ ಕೆರೆ ಎರಡು ಭಾಗ ಆಯ್ತು. ಊರಿನ ಕಡೆಯ ಭಾಗದ ನೀರು ಬಸಿದು, ಒಣಗಿಸಿ, ಮೈದಾನ ಮಾಡಿದರು. ಅದೇ ಹೋಬಾರ್ಟ್ ಪಾರ್ಕ್. ಇವತ್ತು ನಾವು ನೋಡುವ ರೇಸ್ ಕೋರ್ಸ್ ಇರೋದು ಅಲ್ಲೇ. ಬಸ್ ಸ್ಟ್ಯಾಂಡ್ ಇರುವ ಜಾಗವೂ ಹಳೇ ಕೆರೆ ಅಂಗಳವೇ. ಬಾಕಿ ಉಳಿದಿರೋದು ಸುಮಾರು 65 ಎಕರೆ ನೀರು. 1973ರಲ್ಲಿ ತಮಿಳುನಾಡು ಪ್ರವಾಸೋದ್ಯಮ ಇಲಾಖೆ ಇದನ್ನು ವಹಿಸಿಕೊಂಡು ದೋಣಿ ವಿಹಾರ ಬೆಳೆಸಿತು.

ಮೈಸೂರಿಂದ ಬಸ್ಸಲ್ಲಿ ಹೋಗಿ ಊಟಿಯಲ್ಲಿ ಇಳಿದವರು 'ಇನ್ನೂ ಕೆರೆ ಎಷ್ಟು ದೂರ?' ಅಂತ ಕೇಳ್ತಾರೆ. ನಿಜ ಹೇಳಬೇಕಂದ್ರೆ, ಅವರು ಆಗಲೇ ಕೆರೆಯೊಳಗೆ ನಿಂತಿರ್ತಾರೆ.

ಇದು ನಮಗೆ ಹೊಸದೇನಲ್ಲ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರೋದು ಸಂಪಂಗಿ ಕೆರೆಯಲ್ಲಿ. ಊರ ನಡುವೆ ಸಮತಟ್ಟು ಜಾಗ ಬೇಕು ಅಂದಾಗ ಎಲ್ಲರ ಕಣ್ಣೂ ಮೊದಲು ಕೆರೆ ಮೇಲೇ ಬೀಳುತ್ತೆ. ಬೆಟ್ಟದ ಊರಲ್ಲಂತೂ ಸಮತಟ್ಟಾದ ಜಾಗ ಸಿಗೋದೇ ಕಷ್ಟ.

ನೀರಿಗೆ ಮಾತ್ರ ದಾರಿ ಮರೆತಿಲ್ಲ

ಊಟಿ ಒಂದು ಬಟ್ಟಲಿನ ಥರ. ಸುತ್ತ ಬೆಟ್ಟ, ನಡುವೆ ತಗ್ಗು. ಆ ತಗ್ಗೇ ಕೆರೆ. ಜೋರು ಮಳೆ ಬಂದರೆ ನೀರು ಇಳಿದು ನಿಲ್ಲೋದು ಮತ್ತದೇ ಜಾಗದಲ್ಲಿ: ರೇಸ್ ಕೋರ್ಸ್, ಬಸ್ ಸ್ಟ್ಯಾಂಡ್ ಸುತ್ತಮುತ್ತ, ರೈಲ್ವೆ ಸೇತುವೆ ಕೆಳಗೆ. 'ಊಟಿಯಲ್ಲಿ ರಸ್ತೆಗೆ ನೀರು ನುಗ್ಗಿತು' ಅಂತ ಸುದ್ದಿ ಬರುತ್ತೆ. ಅಸಲಿಗೆ ನೀರಿನ ಜಾಗಕ್ಕೆ ರಸ್ತೆ ನುಗ್ಗಿದ್ದು.

ಇನ್ನೊಂದು ಸಮಸ್ಯೆ ಕೊಳಚೆ. ಪಟ್ಟಣದ ನಡುವೆ ಹರಿದು ಬರುವ ಕೋಡಪ್ಪಮಂದು ಕಾಲುವೆ ಊರಿನ ಕೊಳೆ, ಕಸ, ಹೂಳು ಎಲ್ಲವನ್ನೂ ಹೊತ್ತು ಕೆರೆಗೆ ತರುತ್ತೆ. ಕಾಲುವೆಯ ಹೆಸರಲ್ಲೂ ತೋಡರ 'ಮಂದು' ಇದೆ ನೋಡಿ. ಹೂಳೆತ್ತುವ ಕೆಲಸ ಆಗಾಗ ನಡೆಯುತ್ತೆ. ಆದರೆ ಮೇಲಿಂದ ಬರೋದು ನಿಲ್ಲದೆ ಕೆಳಗೆ ಎಷ್ಟು ಎತ್ತಿದರೂ ಅಷ್ಟೇ.

2024ರ ಜುಲೈನಲ್ಲಿ ಗುತ್ತಿಗೆ ಬಾಕಿ ವಿಚಾರವಾಗಿ ತಮಿಳುನಾಡು ಸರ್ಕಾರ ರೇಸ್ ಕೋರ್ಸಿನ 52 ಎಕರೆ ಜಾಗ ವಶಕ್ಕೆ ತೆಗೆದುಕೊಂಡು, ಅಲ್ಲಿ ಪಾರ್ಕ್ ಮಾಡುವ ಯೋಜನೆ ಹಾಕಿದೆ. ಕೆರೆಯಿಂದ ಹೋದ ಜಾಗದಲ್ಲಿ ಕಟ್ಟಡ ಏಳದೆ ಇಷ್ಟು ದೊಡ್ಡದಾಗಿ ಉಳಿದಿರೋದು ಇದೊಂದೇ. ಇಲ್ಲಿ ಕಾಂಕ್ರೀಟ್ ಎಷ್ಟು ಕಡಿಮೆ ಬೀಳುತ್ತೋ, ಮಳೆ ನೀರು ಇಂಗಲು ಅಷ್ಟು ಅವಕಾಶ. ಅಲ್ಲಿ ಏನಾಗುತ್ತೆ ಅನ್ನೋದರ ಮೇಲೆ ಊಟಿಯ ಮುಂದಿನ ಮಳೆಗಾಲಗಳು ನಿಂತಿವೆ.

ನಾವು ಹೋಗುವಾಗ

ವಾಹನಗಳ ಒತ್ತಡ ತಾಳದೆ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ಊಟಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ವಾಹನ ಅನ್ನೋ ಮಿತಿಯನ್ನೂ ಹಾಕಲಾಯ್ತು. ಸ್ವಂತ ಕಾರು, ಬೈಕಿನಲ್ಲಿ ಹೋಗುವವರು ಹೊರಡುವ ಮೊದಲು ಈಗಿನ ನಿಯಮ ನೋಡಿಕೊಳ್ಳಿ. ಸರ್ಕಾರಿ ಬಸ್ಸಲ್ಲಿ ಹೋದರೆ ಪಾಸ್ ತಲೆನೋವೇ ಇಲ್ಲ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇರೋದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಮುಂದಿನ ಸಲ ಊಟಿಗೆ ಹೋದಾಗ ದೋಣಿ ಹತ್ತುವ ಮೊದಲು ಬಸ್ ಸ್ಟ್ಯಾಂಡಿನಲ್ಲಿ ಐದು ನಿಮಿಷ ನಿಂತು ಸುತ್ತಲಿನ ಬೆಟ್ಟಗಳ ಇಳಿಜಾರು ನೋಡಿ. ಎಲ್ಲವೂ ನಿಮ್ಮ ಕಾಲ ಕೆಳಗಿನ ಜಾಗಕ್ಕೇ ಇಳಿದು ಬರುತ್ತವೆ. ಮಕ್ಕಳಿದ್ದರೆ ಅವರಿಗೂ ತೋರಿಸಿ. ವಾಪಸ್ ಬಂದ ಮೇಲೆ ನಮ್ಮೂರ ಕೆರೆ ಏರಿ ಮೇಲೂ ಒಮ್ಮೆ ನಿಂತು, ಅಂಗಳ ಎಷ್ಟು ಉಳಿದಿದೆ ಅಂತ ನೋಡಿದರೆ ಇನ್ನೂ ಒಳ್ಳೇದು.