ಎಂಟನೇ ತರಗತಿಯ ಆ ಮೂರು ತಾಸು

ಕಲಬುರಗಿ ನಗರದಲ್ಲಿ ಪರೀಕ್ಷಾ ತಯಾರಿಯ ಮಾತು ಬಂದರೆ ಎಲ್ಲರೂ ಪಿಯುಸಿ, ಸಿಇಟಿ, ನೀಟ್ ಅನ್ನುತ್ತಾರೆ. ಫೀಸು ಕಟ್ಟುವ ಶಕ್ತಿ ಇದ್ದವರು ಕೋಚಿಂಗ್ ಸೇರುತ್ತಾರೆ, ಇಲ್ಲದವರು ಇದ್ದುದರಲ್ಲೇ ಓದಿಕೊಳ್ಳುತ್ತಾರೆ. ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ಆಚೆ ಇರುವ ಕಮಲಾಪುರದ ಸರ್ಕಾರಿ ಶಾಲೆಯ ಮಕ್ಕಳಿಗೆ ಇಂಥ ಪರೀಕ್ಷೆಯೊಂದು ಅದಕ್ಕೂ ನಾಲ್ಕು ವರ್ಷ ಮೊದಲೇ, ಎಂಟನೇ ತರಗತಿಯಲ್ಲೇ ಎದುರಾಗುತ್ತದೆ. ಅದೇ ಎನ್‌ಎಂಎಂಎಸ್, ಅಂದರೆ ನ್ಯಾಷನಲ್ ಮೀನ್ಸ್ ಕಮ್ ಮೆರಿಟ್ ಸ್ಕಾಲರ್‌ಶಿಪ್ ಪರೀಕ್ಷೆ. ಕೋಚಿಂಗ್ ಇಲ್ಲದೆ, ಶಾಲೆಯಲ್ಲೇ ತಯಾರಾಗಿ ಗೆಲ್ಲಬಹುದಾದ ಪರೀಕ್ಷೆ ಇದು. ಆದರೂ ನಮ್ಮ ಭಾಗದ ಎಷ್ಟೋ ಮನೆಗಳಿಗೆ ಇದರ ಸುದ್ದಿಯೇ ಮುಟ್ಟಿಲ್ಲ.

ಬಡತನದ ಕಾರಣಕ್ಕೆ ಮಕ್ಕಳು ಎಂಟನೇ ತರಗತಿಗೇ ಶಾಲೆ ಬಿಡಬಾರದು ಎಂದು ಕೇಂದ್ರ ಸರ್ಕಾರ 2008ರಲ್ಲಿ ಈ ಯೋಜನೆ ತಂದಿತು. ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯಲ್ಲಿ ಓದುವ, ತಂದೆ-ತಾಯಿಯ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳು ಬರೆಯಬಹುದು. ಏಳನೇ ತರಗತಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 5ರ ರಿಯಾಯಿತಿ ಇದೆ. ಊಟ-ವಸತಿ ಕೊಡುವ ಸರ್ಕಾರಿ ವಸತಿ ಶಾಲೆಗಳ ಮಕ್ಕಳಿಗೆ ಅವಕಾಶವಿಲ್ಲ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ಒಟ್ಟು 48,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಕೂಲಿ ಮಾಡಿ ಬದುಕುವ ಮನೆಯಲ್ಲಿ ಮಗಳ ಓದು ನಿಲ್ಲಿಸುವ ಮಾತು ಬಂದಾಗ, ಅದನ್ನು ತಡೆಯಲು ಈ ಹಣ ಸಾಕಾದೀತು.

ಪ್ರಶ್ನೆಗೊಂದು ನಿಮಿಷ

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಪಠ್ಯದ ವಿಜ್ಞಾನ, ಸಮಾಜ, ಗಣಿತದ್ದು. ತಲಾ 90 ಪ್ರಶ್ನೆ, ತಲಾ 90 ನಿಮಿಷ. ಉತ್ತರ ತಪ್ಪಿದರೆ ಅಂಕ ಕಳೆಯುವುದಿಲ್ಲ.

ಮೊದಲ ಪತ್ರಿಕೆಯ ಮಾದರಿಯ ಒಂದು ಪ್ರಶ್ನೆ ನೋಡಿ: 2, 5, 11, 23, ಮುಂದೇನು? ಮೊದಲ ಸಲ ನೋಡಿದ ಮಗು ‘ಬರಂಗಿಲ್ರಿ ಸರ್’ ಎಂದು ಪೆನ್ನು ಕೆಳಗಿಡುತ್ತದೆ. ಅಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ಬರೆಯಲು ಹೇಳಿ. 3, 6, 12 ಬರುತ್ತದೆ. ವ್ಯತ್ಯಾಸ ಇಮ್ಮಡಿಯಾಗುತ್ತಿದೆ ಎಂದು ಮಗುವಿಗೇ ಹೊಳೆಯುತ್ತದೆ. ಮುಂದಿನದು 24, ಉತ್ತರ 47. ಅದೇ ತರಗತಿಯ ಮತ್ತೊಂದು ಮಗು ‘ಎರಡರಿಂದ ಗುಣಿಸಿ ಒಂದು ಕೂಡಿಸಿದರೂ ಅಷ್ಟೇ ಬರ್ತದ್ರಿ’ ಎನ್ನಬಹುದು. ಎರಡೂ ದಾರಿಯನ್ನು ಕರಿಹಲಗೆಯ ಮೇಲೆ ಬರೆಸಿದರೆ ಇಡೀ ತರಗತಿ ಕಲಿಯುತ್ತದೆ. ಇದಕ್ಕೆ ಬೇಕಾದುದು ದುಬಾರಿ ಪುಸ್ತಕವಲ್ಲ, ದಿನಕ್ಕೆ ಇಪ್ಪತ್ತು ನಿಮಿಷ ಕೊಡುವ ಒಬ್ಬ ಮೇಷ್ಟ್ರು.

ಒಎಂಆರ್ ಹಾಳೆ ತುಂಬುವುದಕ್ಕೂ ರೂಢಿ ಬೇಕು. 37ನೇ ಪ್ರಶ್ನೆ ಬಿಟ್ಟ ಮಗು 38ರ ಉತ್ತರವನ್ನು 37ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಮುಂದೆ ಸರಿ ಉತ್ತರಗಳೂ ತಪ್ಪಾಗುತ್ತವೆ. ಖಾಲಿ ಹಾಳೆಯ ಜೆರಾಕ್ಸ್ ಮಾಡಿಸಿ ನಾಲ್ಕಾರು ಸಲ ತುಂಬಿಸಿದರೆ ಈ ತಪ್ಪು ನಿಲ್ಲುತ್ತದೆ.

ಕೊರತೆ ಮಕ್ಕಳದ್ದಲ್ಲ

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆಯಲ್ಲಿ ನಿಂತಿತು. ಮೊದಲ ಸ್ಥಾನದ ದಕ್ಷಿಣ ಕನ್ನಡದ್ದು ಶೇ 91.12. ಈ ಅಂತರವನ್ನು ಮಕ್ಕಳ ಬುದ್ಧಿಗೆ ಕಟ್ಟುವುದು ಅನ್ಯಾಯ. ಕಮಲಾಪುರ ಸುತ್ತಲಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ, ಪಾಠ ಕನ್ನಡದಲ್ಲಿ. ಮುಂಬೈ, ಪುಣೆ, ಹೈದರಾಬಾದ್‌ಗೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ನಡುವರ್ಷದಲ್ಲೇ ಶಾಲೆ ತಪ್ಪಿಸಿಕೊಳ್ಳುತ್ತಾರೆ. ಡಿಸೆಂಬರ್-ಜನವರಿಯ ತೊಗರಿ ರಾಶಿಯ ಹೊತ್ತಿಗೆ ಮಕ್ಕಳ ಕೈಯೂ ಹೊಲಕ್ಕೆ ಬೇಕಾಗುತ್ತದೆ. ಎನ್‌ಎಂಎಂಎಸ್ ನಡೆಯುವುದೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಹಾಗಾಗಿ ತಯಾರಿಯನ್ನು ಕೊನೆಯ ತಿಂಗಳಿಗೆ ಬಿಡದೆ ಶಾಲೆ ಶುರುವಾಗುವ ಜೂನ್‌ನಲ್ಲೇ ಹಿಡಿಯಬೇಕು.

ನೀಟ್‌ಗೂ ಇದೇ ಲೆಕ್ಕ

ಎನ್‌ಎಂಎಂಎಸ್‌ನಲ್ಲಿ ಎರಡೂ ಪತ್ರಿಕೆ ಸೇರಿ 180 ಪ್ರಶ್ನೆ, 180 ನಿಮಿಷ. 2025ರಿಂದ ನೀಟ್‌ನಲ್ಲೂ 180 ಪ್ರಶ್ನೆಗೆ 180 ನಿಮಿಷ. ವಿಷಯದ ಆಳ ಬೇರೆ, ತಪ್ಪಿಗೆ ಒಂದು ಅಂಕ ಕಳೆಯುವ ನಿಯಮ ಬೇರೆ. ಗಡಿಯಾರ ಮಾತ್ರ ಅದೇ. ಸಿಇಟಿಯಲ್ಲೂ ಪ್ರತಿ ವಿಷಯದ 60 ಪ್ರಶ್ನೆಗೆ 80 ನಿಮಿಷ. ತಿಳಿಯದ ಪ್ರಶ್ನೆಯ ಮುಂದೆ ಕೂರದೆ ಮುಂದಕ್ಕೆ ಹೋಗುವ ರೂಢಿ ಹದಿಮೂರನೇ ವಯಸ್ಸಿಗೇ ಬಂದರೆ, ಪಿಯುಸಿ ಹೊತ್ತಿಗೆ ಹಳ್ಳಿಯ ಮಗು ನಗರದ ಮಗುವಿನ ಜೊತೆ ಧೈರ್ಯವಾಗಿ ಕೂರುತ್ತದೆ.

ಕಲಬುರಗಿಯಲ್ಲಿ 1958ರಿಂದ ಪಿಡಿಎ ಎಂಜಿನಿಯರಿಂಗ್ ಕಾಲೇಜು, 1963ರಿಂದ ಎಂ.ಆರ್. ವೈದ್ಯಕೀಯ ಕಾಲೇಜು, 1980ರಿಂದ ಗುಲಬರ್ಗಾ ವಿಶ್ವವಿದ್ಯಾಲಯ ಇವೆ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70 ಸೀಟುಗಳ ಮೀಸಲಾತಿ ಇದೆ. ಆ ಸೀಟಿಗೂ ರ‍್ಯಾಂಕ್ ಬೇಕು. ನಗರದ ಮಕ್ಕಳಷ್ಟೇ ಅದರ ಲಾಭ ಪಡೆದರೆ ಹೋರಾಡಿ ಪಡೆದ ಹಕ್ಕು ಅರ್ಧ ದಾರಿಯಲ್ಲೇ ನಿಂತಂತೆ.

ಈಗ ಮಾಡಬೇಕಾದ್ದು

ಮುಖ್ಯ ಗುರುಗಳು ಎಂಟನೇ ತರಗತಿಯ ಅರ್ಹ ಮಕ್ಕಳೆಲ್ಲರ ಪಟ್ಟಿ ಮಾಡಲಿ. ‘ಜಾಣರು’ ಎನಿಸಿಕೊಂಡ ನಾಲ್ವರ ಅರ್ಜಿ ಹಾಕಿಸಿ ಸುಮ್ಮನಾಗುವುದು ಬೇಡ. ಹಳೆಯ ಪ್ರಶ್ನೆಪತ್ರಿಕೆಗಳನ್ನು ವಾರಕ್ಕೊಮ್ಮೆ ಗಡಿಯಾರ ಇಟ್ಟು ಬಿಡಿಸಲಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಅವುಗಳ ಒಂದು ಪ್ರತಿ ಇರಲಿ. ಪಾಲಕರು ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಲಿ. ಶಾಲಾ ದಾಖಲೆ, ಆಧಾರ್ ಮತ್ತು ಬ್ಯಾಂಕ್ ಖಾತೆಯಲ್ಲಿ ಮಗುವಿನ ಹೆಸರು ಒಂದೇ ರೀತಿ ಇರಬೇಕು. ಆಯ್ಕೆಯಾದ ಮೇಲೆ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನೋಂದಾಯಿಸಿ, ಪ್ರತಿ ವರ್ಷ ನವೀಕರಿಸಬೇಕು. ಇಲ್ಲದಿದ್ದರೆ ಗೆದ್ದ ಹಣವೂ ಕೈತಪ್ಪುತ್ತದೆ.

ನಿಮ್ಮ ಓಣಿಯಲ್ಲಿ, ನಿಮ್ಮ ತಾಂಡಾದಲ್ಲಿ ಸರ್ಕಾರಿ ಶಾಲೆಯ ಎಂಟನೇ ತರಗತಿಯ ಮಗು ಇದ್ದರೆ ಇಂದೇ ಕೇಳಿ: ‘ಎನ್‌ಎಂಎಂಎಸ್ ಅರ್ಜಿ ಹಾಕೀಯೇನು?’ ಇಲ್ಲ ಎಂದರೆ ಆ ಮಗುವಿನ ಜೊತೆ ಶಾಲೆಗೆ ಹೋಗಿ ಗುರುಗಳನ್ನು ವಿಚಾರಿಸಿ.