ಒಂದು ಹೂವಿಗೆ ಒಂಬತ್ತು ತಾಸು: ಇಡೀ ರಾತ್ರಿಯ ಆಟಕ್ಕೆ ಎಷ್ಟು ಖರ್ಚು?

ಶ್ರೀಕೃಷ್ಣ ಪಾರಿಜಾತದ ಕಥೆ ಚಿಕ್ಕದು. ನಾರದ ಪಾರಿಜಾತದ ಒಂದು ಹೂವು ತಂದು ಕೃಷ್ಣನ ಕೈಗಿಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಟ್ಟುಬಿಡುತ್ತಾನೆ. ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಕಟ್ಟಿ, ಮುಂದೆ ಕೌಜಲಗಿ ನಿಂಗಮ್ಮನಂಥವರು ತಾವೇ ಮೇಳ ಮಾಡಿಕೊಂಡು ಊರೂರು ತಿರುಗಿಸಿದ ಈ ಆಟದಲ್ಲಿ ಆ ಒಂದು ಹೂವಿನ ಜಗಳ ತೀರಲು ಇಡೀ ರಾತ್ರಿ ಬೇಕು. ಊಟ ಮುಗಿಸಿ 9ಕ್ಕೆ ಕೂತವರು ಏಳುವುದು ಬೆಳಗಿನ 6ಕ್ಕೆ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಈ ಆಟವನ್ನು ಕತ್ತರಿಸದೆ, ಒಂಬತ್ತೂ ತಾಸು, ಮತ್ತೆ ಆಡಿಸಬೇಕೆಂದರೆ ಏನೇನು ಬೇಕು? ರೊಕ್ಕಕ್ಕಿಂತ ಮೊದಲು ಬೇಕಾದದ್ದು ರಾತ್ರಿ. ಆದ್ದರಿಂದ ಮೊದಲು ತಾಸಿನ ಲೆಕ್ಕ.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ-ಉತ್ಸವಗಳಿಗೆ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲ ಕೊಡಬಹುದು. ಅದೂ ವರ್ಷಕ್ಕೆ 15 ದಿನ ಮೀರಬಾರದು. ಅಂದರೆ 9ಕ್ಕೆ ಶುರುವಾದ ಆಟಕ್ಕೆ ಮೈಕು ಸಿಗುವುದು ಒಂದು ತಾಸು. ವಿಶೇಷ ಅನುಮತಿ ಇದ್ದರೆ ಮೂರು ತಾಸು. ಉಳಿದ ಆರು ತಾಸು ನಿಯಮದ ಹೊರಗೆ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ಆದರೆ ಮೂರು ದಿಕ್ಕಿಗೂ ಜನ ಕೂತು ನೋಡುವ ಆಟವನ್ನು ಕುರ್ಚಿ ಸಾಲಿನ ಎದುರು ನಿಲ್ಲಿಸಿದರೆ ಅದರ ಅರ್ಧ ಜೀವ ಅಲ್ಲೇ ಹೋಯಿತು.

ಹಾಗಾದರೆ ಮೈಕೇ ಬೇಡ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಆಟ ಹುಟ್ಟಿದಾಗ ಮೈಕು ಇರಲಿಲ್ಲ. ಒಳ್ಳೆಯ ಗಂಟಲಿನ ಹಾಡುಗಾರನ ದನಿ ಒಂದು ಮೀಟರ್ ದೂರದಲ್ಲಿ 90 ಡೆಸಿಬಲ್ ಎಂದು ಹಿಡಿಯೋಣ. ಬಯಲಲ್ಲಿ ದೂರ ಇಮ್ಮಡಿಯಾದಂತೆ ದನಿ 6 ಡೆಸಿಬಲ್ ಇಳಿಯುತ್ತದೆ. 12 ಮೀಟರ್ ದೂರದಲ್ಲಿ ಕೂತವನ ಕಿವಿಗೆ ಬೀಳುವುದು ಸುಮಾರು 68. ರಾತ್ರಿಯ ಮೌನದಲ್ಲಿ ಅಕ್ಷರ ಅಕ್ಷರ ತಿಳಿಯಲು ಅಷ್ಟು ಧಾರಾಳ ಸಾಕು. 200 ಮೀಟರ್ ದಾಟುವಷ್ಟರಲ್ಲಿ ಅದೇ ದನಿ 44ಕ್ಕೆ ಇಳಿದಿರುತ್ತದೆ. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45. ಊರ ಹೊರಗಿನ ಬಯಲಲ್ಲಿ ಆಡಿದರೆ ಆಟವೂ ಆಯಿತು, ಮಲಗಿದವರ ನಿದ್ದೆಯೂ ಉಳಿಯಿತು.

ಮೈಕಿಲ್ಲದ ಆಟಕ್ಕೆ ಎಷ್ಟು ಜನ ಹಿಡಿಯುತ್ತಾರೆ? 12 ಮೀಟರ್ ಎಂದರೆ 40 ಅಡಿ. 40 ಅಡಿ ತ್ರಿಜ್ಯದ ವೃತ್ತ 5,024 ಚದರ ಅಡಿ. ಹಿಂಬದಿಯ ಕಾಲುಭಾಗ ಮೇಳಕ್ಕೆ ಬಿಟ್ಟರೆ ಉಳಿಯುವುದು 3,768. ಅಟ್ಟ ಮತ್ತು ಓಡಾಡುವ ದಾರಿ ಕಳೆದರೆ 3,500. ಜಮಖಾನೆಯ ಮೇಲೆ ಕಾಲು ಮಡಚಿ ಕೂರಲು ತಲೆಗೆ 6 ಚದರ ಅಡಿ ಕೊಟ್ಟರೆ ಸುಮಾರು 580 ಜನ. ಅದಕ್ಕಿಂತ ಹೆಚ್ಚು ಮಂದಿಯನ್ನು ಸೇರಿಸುವ ಆಸೆ ಬಿಡಬೇಕು.

580 ಕಡಿಮೆ ಎನ್ನಿಸಬಹುದು. ಆದರೆ ಈ ಆಟದ ಸುಖವೆಲ್ಲ ಹತ್ತಿರದಲ್ಲಿದೆ. ದೂತಿ ಬಂದು ನಿಂತಾಗ ಭಾಗವತ ಅವಳನ್ನು ಯಾವ ಊರು, ಯಾರ ಪೈಕಿ ಎಂದು ಕೆಣಕುತ್ತಾನೆ. ಅವಳು ಉತ್ತರ ಕೊಡುವಾಗ ಮುಂದಿನ ಸಾಲಿನ ಗೌಡರನ್ನೋ ಹಿಂದೆ ತೂಕಡಿಸುವ ಹುಡುಗನನ್ನೋ ಮಾತಿಗೆ ಎಳೆಯುತ್ತಾಳೆ. ಅಲ್ಲಿಂದ ಅರ್ಧ ತಾಸು ಆಟ ಅಟ್ಟದ ಮೇಲಿಲ್ಲ, ಜಮಖಾನೆಯ ಮೇಲಿದೆ. ನಡುವೆ ಆಹೇರಿ: ಪದ ಮನಸ್ಸಿಗೆ ಹಿಡಿಸಿದವನು ಎದ್ದು ನೋಟು ಚಾಚುತ್ತಾನೆ. ಪೇಟಿ ಮಾಸ್ತರ ಬೆರಳೆತ್ತದೆ ಸ್ವರ ಹಿಡಿದೇ ಇರುತ್ತಾನೆ. ಭಾಗವತ ಕೊಟ್ಟವನ ಹೆಸರು, ಊರು, ಮೊತ್ತ ಸಾರುತ್ತಾನೆ. ಸಾರಿದ್ದು ಮುಗಿದೊಡನೆ ಪದ ಬಿಟ್ಟ ಜಾಗದಿಂದಲೇ ಏಳುತ್ತದೆ. ಒಂದು ರಾತ್ರಿಗೆ 60 ಆಹೇರಿ, ಒಂದಕ್ಕೆ ಒಂದು ನಿಮಿಷ ಎಂದರೂ ಒಂಬತ್ತರಲ್ಲಿ ಪೂರ್ತಿ ಒಂದು ತಾಸು ನೋಡುವವರದೇ.

ಲಂಡನ್ನಿನ ಬ್ರಿಜ್ ಥಿಯೇಟರಿನಲ್ಲಿ 1950ರ ‘ಗೈಸ್ ಆ್ಯಂಡ್ ಡಾಲ್ಸ್’ ಸಂಗೀತ ನಾಟಕವನ್ನು 2023ರಲ್ಲಿ ಮತ್ತೆ ರಂಗಕ್ಕೆ ತಂದಾಗ ಪ್ರೇಕ್ಷಕರನ್ನು ನೆಲದ ಮೇಲೆ ನಿಲ್ಲಿಸಿ, ಅವರ ನಡುವೆಯೇ ಅಟ್ಟಗಳು ಏರಿ ಇಳಿಯುವಂತೆ ಮಾಡಿದರು. ಅಲ್ಲಿ ಅದು ದೊಡ್ಡ ಸುದ್ದಿಯಾಯಿತು. ನಮ್ಮಲ್ಲಿ ಆ ಹತ್ತಿರಕ್ಕೆ ಯಂತ್ರ ಬೇಡ, ಜಮಖಾನೆ ಸಾಕು.

ಕನ್ನಡದಲ್ಲೂ ಇಡೀ ರಾತ್ರಿಯ ಪ್ರಯೋಗ ಗೆದ್ದ ಉದಾಹರಣೆ ಕಣ್ಣೆದುರಿಗಿದೆ. ಕುವೆಂಪು ಅವರ 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಗೆ ಕೆ.ವೈ. ನಾರಾಯಣಸ್ವಾಮಿ ರಂಗರೂಪ ಕೊಟ್ಟರು, ಹಂಸಲೇಖ ಸಂಗೀತ ಕೊಟ್ಟರು. ಸಿ. ಬಸವಲಿಂಗಯ್ಯ 2010ರಲ್ಲಿ ಅದನ್ನು ಮೈಸೂರು ರಂಗಾಯಣದಲ್ಲಿ ಆಡಿಸಿದರು. 4 ರಂಗಸ್ಥಳ, 9 ತಾಸು, ಜನ ಒಂದು ರಂಗದಿಂದ ಇನ್ನೊಂದಕ್ಕೆ ನಡೆದುಹೋಗಿ ನೋಡಬೇಕು. ಮುಂದೆ ಬೆಂಗಳೂರಿನ ಕಲಾಗ್ರಾಮದಲ್ಲೂ ಅದನ್ನು ಮತ್ತೆ ಮತ್ತೆ ಆಡಿದರು. ನಿದ್ದೆಗೆಟ್ಟು ನೋಡುವ ಜನ ಇನ್ನೂ ಇದ್ದಾರೆ ಎನ್ನುವುದಕ್ಕೆ ಬೇರೆ ಪುರಾವೆ ಬೇಡ.

ಆದರೆ ವಿಜಯಪುರದಿಂದ ಬೆಂಗಳೂರು ಸುಮಾರು 530 ಕಿ.ಮೀ. ಬಸ್ಸಿಗೆ ಕಿಲೋಮೀಟರಿಗೆ ಒಂದೂವರೆ ರೂಪಾಯಿ ಹಿಡಿದರೂ ಹೋಗಿಬರಲು 1,590. ಕೂಲಿ ಮಾಡುವವನಿಗೆ ಮೂರು ದಿನದ ಗಳಿಕೆ ತಪ್ಪುತ್ತದೆ. 2025-26ರ ಉದ್ಯೋಗ ಖಾತರಿ ದರ 370ರಂತೆ ಅದು 1,110. ಒಟ್ಟು 2,700. ಟಿಕೆಟ್ಟು, ಊಟ ಇನ್ನೂ ಇದರಲ್ಲಿ ಸೇರಿಲ್ಲ. ಇಂಡಿಯಲ್ಲೇ 100 ರೂಪಾಯಿಗೆ ಆಟ ನೋಡಿದರೆ ಇದರ 27ನೆಯ ಒಂದು ಪಾಲಿನಲ್ಲಿ ಮುಗಿಯುತ್ತದೆ.

100 ರೂಪಾಯಿ ಸಾಲುತ್ತದೆಯೇ? ಮುಂದಿನ ಅಂಕಿಗಳು ನಾನೇ ಅಂದಾಜಿಗೆ ಹಿಡಿದವು. ಬಣ್ಣ ಹಚ್ಚುವವರು ಮತ್ತು ಹಿಮ್ಮೇಳ ಸೇರಿ 15 ಜನ, ತಲೆಗೆ ರಾತ್ರಿಗೆ 2,000ದಂತೆ 30,000. ತಾಲೀಮು 20 ಸಂಜೆ, ತಲೆಗೆ 200ರಂತೆ 60,000. ನಾಲ್ಕೂ ಊರಲ್ಲಿ ಎರಡೆರಡರಂತೆ 8 ರಾತ್ರಿಗೆ ಹಂಚಿದರೆ 7,500. ಅಟ್ಟ, ಪೆಂಡಾಲು, ಜಮಖಾನೆ 10,000. ದೀಪ ಮತ್ತು ಜನರೇಟರು 4,000. ವೇಷ, ಬಣ್ಣ 4,000. ಗಾಡಿ 3,000, ಮೇಳದ ಊಟ-ಚಹಾ 3,000. ಒಟ್ಟು 61,500. ಇದರಲ್ಲಿ ಕರೆಂಟಿನ ಪಾಲು ಏನೂ ಅಲ್ಲ: 3 ಕಿಲೋವಾಟ್ ದೀಪ 10 ತಾಸು ಉರಿದರೆ 30 ಯೂನಿಟ್, ಯೂನಿಟ್ಟಿಗೆ 12 ರೂಪಾಯಿ ಹಿಡಿದರೂ 360. ತಾಲೀಮಿನ ರೊಕ್ಕವನ್ನು ಮಾತ್ರ ಯಾರೂ ಕತ್ತರಿಸಬಾರದು. ಮೈಕಿಲ್ಲದೆ ಒಂಬತ್ತು ತಾಸು ಹಾಡುವ ಗಂಟಲು ಒಂದು ವಾರದಲ್ಲಿ ತಯಾರಾಗುವುದಿಲ್ಲ.

ತೆರಿಗೆಯ ಭಾರವಿಲ್ಲ. ನಾಟಕದ ಟಿಕೆಟ್ಟು 500 ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ. 2018ರ ಜನವರಿಗೆ ಮೊದಲು ಈ ಮಿತಿ 250 ಇತ್ತು. ಜನಪದ ಕಲಾವಿದರ ಸಂಭಾವನೆಗೂ ಒಂದೂವರೆ ಲಕ್ಷದವರೆಗೆ ವಿನಾಯಿತಿ ಇದೆ.

ಹಾಡಿನ ಸಿರಿಗೂ ಈ ನೆಲದಲ್ಲಿ ಬರವಿಲ್ಲ. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ (1903–1953) ಮತ್ತು ಗೆಳೆಯರು ‘ಗರತಿಯ ಹಾಡು’ (1931), ‘ಜೀವನ ಸಂಗೀತ’ (1933), ‘ಮಲ್ಲಿಗೆ ದಂಡೆ’ (1935) ಹೊರತಂದರು. ನಾಲ್ಕೇ ವರ್ಷದಲ್ಲಿ ಮೂರು ಸಂಗ್ರಹ! ಆಗಿನ ಅವಿಭಜಿತ ವಿಜಯಪುರ ಜಿಲ್ಲೆಯಲ್ಲೇ ‘ರಕ್ತರಾತ್ರಿ’ಯ ಕಂದಗಲ್ಲ ಹನುಮಂತರಾಯರು (1896–1951) ಹುಟ್ಟಿದರು. ಅವರ ನಾಟಕಗಳನ್ನು ಹಳ್ಳಿಯ ಹುಡುಗರು ಜಾತ್ರೆಯಲ್ಲಿ ಇಂದಿಗೂ ಆಡುತ್ತಾರೆ.

ಖರ್ಚಿನ ಲೆಕ್ಕದಲ್ಲಿ ಬಿಟ್ಟುಹೋಗುವ ಒಂದು ಬಾಬ್ತು ಉಳಿದಿದೆ. 580ರಲ್ಲಿ ಅರ್ಧ ಹೆಂಗಸರು ಎಂದರೆ 290. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಉಚಿತ, ಸುತ್ತಲ ಹಳ್ಳಿಯಿಂದ ಬರಲು ರೊಕ್ಕದ ತೊಡಕಿಲ್ಲ. ಆಟ ಬೆಳಗಿನವರೆಗೂ ನಡೆಯುವುದರಿಂದ ಅಪರಾತ್ರಿಯಲ್ಲಿ ಮನೆಗೆ ಹೋಗುವ ಭಯವೂ ಇಲ್ಲ, ಮೊದಲ ಬಸ್ಸು ಹಿಡಿಯಬಹುದು. ಮೂರು ತಾಸಿನ ನಾಟಕ ಹೆಂಗಸರನ್ನು ಮಧ್ಯರಾತ್ರಿ ಬೀದಿಗೆ ಬಿಡುತ್ತದೆ. ಒಂಬತ್ತು ತಾಸಿನದು ಬಿಡುವುದಿಲ್ಲ. ಆದರೆ ಒಂಬತ್ತು ತಾಸಿಗೆ ಶೌಚಾಲಯ ಬೇಕೇ ಬೇಕು. 40 ಹೆಂಗಸರಿಗೆ ಒಂದರಂತೆ 8 ಸಂಚಾರಿ ಶೌಚಾಲಯ, ಬಾಡಿಗೆ, ನೀರು ಸೇರಿ ಒಂದಕ್ಕೆ 1,000ದಂತೆ 8,000. ಖರ್ಚು 69,500ಕ್ಕೆ ಏರಿತು.

ನೂರಕ್ಕೆ 80ರಷ್ಟು ಜಾಗ ತುಂಬಿ 464 ಜನ ಬಂದರೆ ಗೇಟಿನಲ್ಲಿ 46,400. ಒಂದು ರಾತ್ರಿಗೆ 23,100 ಕೊರತೆ, ಎರಡು ರಾತ್ರಿಗೆ ಊರಿಗೆ 46,200. ಆಹೇರಿಯ ರೊಕ್ಕವನ್ನು ಇದಕ್ಕೆ ಮುಟ್ಟಬಾರದು, ಅದು ಮೇಳದವರದು. 2011ರ ಜನಗಣತಿಯಲ್ಲಿ ನಾಲ್ಕೂ ಪಟ್ಟಣ 30 ಸಾವಿರದಿಂದ 40 ಸಾವಿರದ ನಡುವೆ ಇದ್ದವು. 35 ಸಾವಿರ ಎಂದು ಹಿಡಿದರೆ ತಲೆಗೆ 1 ರೂಪಾಯಿ 32 ಪೈಸೆ ಬೀಳುತ್ತದೆ. ಅಷ್ಟನ್ನು ಪಟ್ಟಣದ ಆಡಳಿತ ಬಜೆಟ್ಟಿನಲ್ಲೇ ತೆಗೆದಿಡಬೇಕು, ಬಿಳಿಜೋಳದ ರಾಶಿ ಮುಗಿದು ಜನಕ್ಕೆ ಬಿಡುವು ಸಿಗುವ ಹೊತ್ತಿಗೆ ಬಯಲನ್ನೂ ಗೊತ್ತು ಮಾಡಬೇಕು.